ಓದದೇ ಹೇಳಿದ ಕೊನೆ

ಕಮಲಕ್ಕ, ಆ ಪುಸ್ತಕವನ್ನು ನಾನು ಪೂರ್ತಿ ಓದಿರಲೇ ಇಲ್ಲ. ನಿನಗೆ ಹೇಳಿದ ಕೊನೆ ಇತ್ತಲ್ಲ — ಅಕ್ಕ ಹೋಳಿಗೆ ಕಟ್ಟಿಕೊಂಡು ತಂಗಿಯ ಮನೆಗೆ ಹೋಗುವುದು, ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುವುದು — ಅದು ಅದರ ಯಾವ ಪುಟದಲ್ಲೂ ಇಲ್ಲ. ನನ್ನ ಅಂಗಡಿಯ ಕಟ್ಟೆಯ ಮೇಲೆ, ನಿನ್ನೆದುರಿಗೇ, ಬಾಯಿಗೆ ಬಂದಂತೆ ಕಟ್ಟಿ ಹೇಳಿದ್ದು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ನೀನು ಅದನ್ನು ನಂಬಿ ಮುಧೋಳದ ಬಸ್ಸು ಹತ್ತಿದೆ.

ಮೊದಲಿಂದ ಹೇಳುತ್ತೇನೆ. ಹೇಳುವಾಗ ನಡುನಡುವೆ ಖುಷಿ ಉಕ್ಕಿದರೆ ಬೈಯಬೇಡ — ಪುಸ್ತಕದ ಮಾತು ಬಂದರೆ ನನ್ನನ್ನು ಹಿಡಿಯುವವರಿಲ್ಲ, ನಿನಗೆ ಗೊತ್ತಲ್ಲ. ಬನಹಟ್ಟಿಯಲ್ಲಿ ಸೀರೆಗೆ ಫಾಲು ಹಚ್ಚುವ ಅಂಗಡಿಗಳು ಬೇಕಾದಷ್ಟಿವೆ. ಫಾಲಿನ ಜೊತೆ ಕಾದಂಬರಿ ಕೊಡುವವಳು ನಾನೊಬ್ಬಳೇ! ಮಲಗುವ ಮುಂಚೆ ಮೊಬೈಲು ತಿಕ್ಕಿ ತಿಕ್ಕಿ ಕಣ್ಣು ಕೆಂಪು ಮಾಡಿಕೊಳ್ಳುವ ಹೆಂಗಸರಿಗೆಲ್ಲ ನಾನು ಪುಸ್ತಕ ಹಿಡಿಸಿದೆ. ಎಂಥ ಪುಸ್ತಕ? ಅಧ್ಯಾಯಗಳು ಸಣ್ಣವಿರಬೇಕು. ಮಾತು ಜಾಸ್ತಿ, ವರ್ಣನೆ ಕಡಿಮೆ. ಒಂದು ಅಡುಗೆಮನೆ, ಇಬ್ಬರು ಜಗಳಗಂಟಿಯರು, ಒಬ್ಬ ಪೆದ್ದ ಗಂಡ — ಅಷ್ಟಿದ್ದರೆ ಸಾಕು. ಪತ್ತೇದಾರಿ ಮಾತ್ರ ಬೇಡವೇ ಬೇಡ, ಕೊಲೆ ಮಾಡಿದವನು ಸಿಗುವವರೆಗೆ ಯಾರು ತಾನೇ ಮಲಗುತ್ತಾರೆ? ‘ನಿದ್ದಿ ಪುಸ್ತಕದಾಕಿ’ ಅಂತ ನನಗೆ ಹೆಸರೇ ಬಿತ್ತು. ರಬಕವಿಯಿಂದಲೂ ಹೆಂಗಸರು ಕೇಳಿಕೊಂಡು ಬರತೊಡಗಿದರು. ನಾನು ಉಬ್ಬಿಹೋದೆ.

ಗುಟ್ಟು ಏನೆಂದರೆ — ಅವುಗಳಲ್ಲಿ ಒಂದನ್ನೂ ನಾನು ಮುಗಿಸಿರಲಿಲ್ಲ. ಹಾಸಿಗೆಯಲ್ಲಿ ಪುಸ್ತಕ ಹಿಡಿದರೆ ನಾಲ್ಕು ಪುಟಕ್ಕೆ ಗೊರಕೆ. ಯಾವುದು ನನ್ನನ್ನು ಬೇಗ ಮಲಗಿಸುತ್ತದೋ ಅದೇ ಒಳ್ಳೆಯ ಪುಸ್ತಕ ಅಂತ ತೀರ್ಮಾನ. ಯಾರಾದರೂ ಕೊನೆ ಕೇಳಿದರೆ? ಮಗ್ಗದ ಮನೆಯಲ್ಲಿ ಹುಟ್ಟಿದವಳು ನಾನು. ಎಳೆ ಕಡಿದರೆ ತಟ್ಟನೆ ಗಂಟು ಹಾಕಿ ಮತ್ತೆ ಮಗ್ಗ ಓಡಿಸುವುದು ನಮ್ಮ ಕೈಗೆ ರೂಢಿ. ಕಥೆಗೂ ಹಾಗೇ ಮಾಡಿದೆ.

ಆಗ ನೀನು ಬಂದೆ. ನಿಮ್ಮ ಮನೆಯ ಮಗ್ಗಗಳನ್ನು ಮಾರಿ ಸ್ವಲ್ಪ ದಿನವಾಗಿತ್ತು.

“ಸಪ್ಪಳ ನಿಂತ ಮ್ಯಾಲ ಕಣ್ಣs ಮುಚ್ಚವಲ್ಲವು ಸುಮಿತ್ರಾ,” ಎಂದೆ ನೀನು. “ಏನರ ಓದಾಕ ಕೊಡು. ಆದ್ರ ಕಡೀಕ ಛಲೋ ಆಗಬೇಕು ನೋಡು. ಅಳೂದು ಬ್ಯಾಡ.”

ಮಾತು ಬಿಟ್ಟ ಇಬ್ಬರು ಅಕ್ಕತಂಗಿಯರ ಕಾದಂಬರಿ ಕೊಟ್ಟೆ. ಕೊಡುವಾಗ ಮುಧೋಳದಲ್ಲಿರುವ ನಿನ್ನ ತಂಗಿ ಸಾವಿತ್ರಿ ನನಗೆ ನೆನಪಾಗಲಿಲ್ಲ ಅಂದರೆ ಸುಳ್ಳು. ಅವಳ ಮಗಳ ಮದುವೆ, ನೀನು ನಿನ್ನ ಮಗ್ಗದಲ್ಲೇ ನೇಯ್ದು ಮದುಮಗಳಿಗೆಂದು ಒಯ್ದ ಸೀರೆ, ಅದನ್ನು ಸಾವಿತ್ರಿ ನಿನ್ನ ಕಣ್ಣೆದುರೇ ಯಾರೋ ದೂರದ ಬೀಗತಿಗೆ ಉಡುಗೊರೆ ಕೊಟ್ಟುಬಿಟ್ಟಿದ್ದು, ಅಂದಿನಿಂದ ನಿಮ್ಮಿಬ್ಬರಿಗೂ ಮಾತಿಲ್ಲದ್ದು — ಓಣಿಗೆಲ್ಲ ಗೊತ್ತಿದ್ದ ಸಂಗತಿ. ಅದಕ್ಕೇ ಅಲ್ಲವೇ ಕೊನೆ ಹೇಳುವಾಗ ನನಗೆ ಅಷ್ಟು ಹುರುಪು ಬಂದದ್ದು! ಕಥೆಯ ಅಕ್ಕನಿಂದ ಶೇಂಗಾ ಹೋಳಿಗೆ ಮಾಡಿಸಿದೆ, ಅವಳನ್ನು ಬಸ್ಸು ಹತ್ತಿಸಿದೆ, ತಂಗಿ ಬಾಗಿಲಿಗೆ ಓಡಿ ಬರುವಂತೆ ಮಾಡಿದೆ. ನಿನ್ನ ಕಣ್ಣು ತುಂಬಿದವು. ನನಗೆ — ಹೇಳಲು ನಾಚಿಕೆ — ನನಗೆ ಏನೋ ಗೆದ್ದಂತಾಯಿತು.

ಮುಂದಿನ ವಾರವೇ ನೀನು ಶೇಂಗಾ ಹೋಳಿಗೆ ಕಟ್ಟಿಕೊಂಡು ಮುಧೋಳಕ್ಕೆ ಹೋದೆ. ಸಂಜೆಯೇ ತಿರುಗಿ ಬಂದೆ. ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇತ್ತು. ಸಾವಿತ್ರಿ ಬಾಗಿಲಲ್ಲೇ ನಿಂತು “ಯಾಕ ಬಂದಿ?” ಅಂದಳಂತೆ. ಒಳಗೆ ಬಾ ಅನ್ನಲಿಲ್ಲವಂತೆ. ನೀನು ಅವಳನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ನನ್ನ ಹೊಲಿಗೆ ಮಷಿನ್ನಿನ ಪಕ್ಕ ಕೂತು ಕೇಳಿದೆ —

“ನಾನs ಏನರ ತಪ್ಪಿದ್ನೇನ? ಪುಸ್ತಕದಾಗ ಆಕಿ ಯಾವಾಗ ಹೋಗಿದ್ಲು?”

ಆಗಲಾದರೂ ನಿಜ ಹೇಳಬಹುದಿತ್ತು. ಬಾಯಿ ಕೇಳಬೇಕಲ್ಲ!

“ಪಂಚಮಿಗೆ ಹೋಗಿದ್ಲಬೇ ಯಕ್ಕಾ,” ಎಂದುಬಿಟ್ಟೆ ನಾನು.

ನಾಗರ ಪಂಚಮಿ ಅಂದರೆ ಅಕ್ಕತಂಗಿಯರು ತವರಲ್ಲಿ ಕೂಡುವ ಹಬ್ಬ, ಕಥೆಗೆ ಒಪ್ಪುತ್ತದೆ — ನನ್ನ ತಲೆಗೆ ಹೊಳೆದದ್ದು ಅಷ್ಟೇ. ನಿನ್ನ ಮುಖ ಅರಳಿತು. “ಹಂಗಾರ ಪಂಚಮಿ ಬರಲಿ,” ಎಂದು ನೀನು ಎದ್ದು ಹೋದೆ. ಮೊದಲನೆಯದು ಹುರುಪಿನ ಸುಳ್ಳು. ಇದು — ಇದಕ್ಕೆ ಏನನ್ನಬೇಕೋ ನನಗೆ ತಿಳಿಯದು.

ನೀನು ಕೊನೆ ಓದಿಬಿಡುತ್ತೀ, ನಾನು ಸಿಕ್ಕಿಬೀಳುತ್ತೇನೆ ಅಂತ ಹೆದರುತ್ತಲೇ ಇದ್ದೆ. ನೀನು ಓದಲಿಲ್ಲ. ಕೊನೆ ಹೇಗೂ ಗೊತ್ತಿದೆ, ಮುಗಿಸಿದರೆ ಮತ್ತೆ ನಿದ್ದೆ ಹಾರೀತು ಅಂತ, ಅರ್ಧಕ್ಕೆ ಬಂದು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೀ. ಇದರಂಥ ಪುಸ್ತಕವಿಲ್ಲ ಅಂತ ಓಣಿಯಲ್ಲೆಲ್ಲ ಹೇಳುತ್ತೀ. ಈಗ ಪಂಚಮಿ ಹತ್ತಿರ ಬಂತು. ನಿನ್ನೆ ನೀನು ಸಂತೆಯಿಂದ ಬೆಲ್ಲ, ಶೇಂಗಾ ತರುವುದನ್ನು ನೋಡಿದೆ.

ಜಮಖಂಡಿಯಲ್ಲಿ ಹುಡುಕಿ ಇನ್ನೊಂದು ಪ್ರತಿ ತಂದೆ. ಇವತ್ತು ಹಾಡುಹಗಲಲ್ಲಿ, ಅಂಗಡಿಯ ಬಾಗಿಲು ಮುಂದೆ ಮಾಡಿ, ಸ್ಟೂಲಿನ ಮೇಲೆ ನೆಟ್ಟಗೆ ಕೂತು ಓದಿ ಮುಗಿಸಿದೆ. ಅಬ್ಬಾ, ಎಂಥ ಪುಸ್ತಕ ಕಮಲಕ್ಕ! ಒಮ್ಮೆಯೂ ತೂಕಡಿಕೆ ಬರಲಿಲ್ಲ. ಇದನ್ನು ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆದೆನಲ್ಲ ನಾನು! ಕೊನೆಯ ಪುಟದಲ್ಲಿ ಅಕ್ಕ ತಂಗಿಯ ಊರಿಗೆ ಹೊರಡುತ್ತಾಳೆ. ಹೊಸ್ತಿಲು ದಾಟುತ್ತಾಳೆ, ಚಪ್ಪಲಿ ಮೆಟ್ಟುತ್ತಾಳೆ, ತುಸು ಹೊತ್ತು ನಿಲ್ಲುತ್ತಾಳೆ — ಚಪ್ಪಲಿ ಬಿಟ್ಟು ತಿರುಗಿ ಮನೆಯೊಳಗೆ ಹೋಗುತ್ತಾಳೆ. ಕಥೆ ಅಲ್ಲಿಗೇ ಮುಗಿಯಿತು.

ಹಾಗಾಗಿ ನೀನು ತಪ್ಪಿದ್ದು ಏನೂ ಇಲ್ಲ. ಸರಿಯಾದ ಹೊತ್ತು, ಸರಿಯಾದ ಹಬ್ಬ ಅಂತ ಆ ಪುಸ್ತಕದಲ್ಲಿ ಯಾವುದೂ ಇಲ್ಲ. ಎಲ್ಲ ನನ್ನ ನಾಲಿಗೆಯ ಕೆಲಸ. ಈ ಸಂಜೆ ನಿನ್ನ ಮನೆಗೆ ಬಂದು, ಈಗ ಮನಸ್ಸಿನಲ್ಲೇ ಹೇಳಿಕೊಂಡ ಇದಿಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಬೈ, ಪುಸ್ತಕವನ್ನು ಮುಖಕ್ಕೆ ಒಗೆ. ಪಂಚಮಿಗೆ ಮುಧೋಳಕ್ಕೆ ಹೋಗುವುದೋ ಬಿಡುವುದೋ ನೀನೇ ನೋಡು. ಇನ್ನು ಮೇಲೆ ನಾನು ಯಾರಿಗೂ ಯಾವ ಕೊನೆಯನ್ನೂ ಹೇಳುವುದಿಲ್ಲ. ಇಷ್ಟು ಮಾತ್ರ ಖರೆ — ಪುಸ್ತಕದ ಅಕ್ಕ ಹೋಗಲೇ ಇಲ್ಲ, ಕಮಲಕ್ಕ. ಹೋಳಿಗೆ ಕಟ್ಟಿಕೊಂಡು ಹೋದವಳು ನೀನೊಬ್ಬಳೇ.