ಅಕ್ಕನ ವಾಚಿನ ಚೈನು

ನನಗೊಂದು ಚಟವಿದೆ. ಎದುರಿಗಿದ್ದವರ ಇಂಗ್ಲಿಷನ್ನು ತಿದ್ದದಿದ್ದರೆ ತಿಂದ ಮುದ್ದೆ ಅರಗುವುದಿಲ್ಲ. ಬಂಗಾರಪೇಟೆಯಲ್ಲಿ ಇಂಗ್ಲಿಷ್ ಮೇಷ್ಟರಾದ್ದರಿಂದ ಈ ಚಟಕ್ಕೆ ಸಂಬಳವೂ ಸಿಗುತ್ತದೆ. ವಾಚಿಗೆ ಹಾಕುವ ತೊಗಲಿನ ಪಟ್ಟಿ ಸ್ಟ್ರಾಪು. ಲೋಹದ ಕೊಂಡಿಗಳದ್ದು ಬ್ರೇಸ್ಲೆಟ್ಟು. ಬ್ಯಾಂಡು ಎಂದರೆ ಎರಡೂ ಆದೀತು. ನಮ್ಮ ಕಡೆ ಮಾತ್ರ ಬೆಲ್ಟು, ಚೈನು. ದೀಪದ ಬ್ಯಾಟರಿಯನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು ಚಿನ್ನದ ಗಣಿಗೆ ಇಳಿಯುತ್ತಿದ್ದ ಸೀಮೆ ಇದು. ಮೈಗೆ ಬಿಗಿಯುವ ತೊಗಲೆಲ್ಲ ಬೆಲ್ಟೇ ಆಗಿಹೋಯಿತು ಎಂಬುದು ನನ್ನ ಸಂಶೋಧನೆ. ಯಾರೂ ಕೇಳಿಲ್ಲ, ಆದರೂ ಹೇಳುತ್ತಿರುತ್ತೇನೆ.

ಈ ಪಾಂಡಿತ್ಯಕ್ಕೆ ಪರೀಕ್ಷೆ ಬಂದದ್ದು ನನ್ನ ಅಕ್ಕನಿಂದ. ಹಳ್ಳಿಯಲ್ಲಿ ಒಂದು ಹಸು ಸಾಕಿಕೊಂಡು, ಸ್ಟೀಲ್ ವಾಚು ನೋಡಿಕೊಂಡು, ಡೈರಿ ಬಾಗಿಲು ಹಾಕುವುದರೊಳಗೆ ಹಾಲು ಅಳೆದು ಬರುವವಳು ಅವಳು. ಮೂರು ತಿಂಗಳ ಕಾಮಾಲೆಯಲ್ಲಿ ಕೈ ಎಷ್ಟು ಸೊರಗಿತೆಂದರೆ, ಹಾಸಿಗೆಯಿಂದ ಎದ್ದು ಹಾಲು ಕರೆಯಲು ಕೂತ ಮೊದಲ ದಿನವೇ ವಾಚು ಜಾರಿ ಬಕೆಟ್ಟಿಗೆ ಬಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹಸು ಮಾರಿಬಿಡು ಎಂದೆ. ಅವಳು ಕೇಳಿಸದವಳಂತೆ, "ವಾಚಂಗಡಿಗೆ ನನ್ನ ಕರ್ಕೊಂಡೋಗ್ಲಾ" ಎಂದಳು.

ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ನಾನು ಬ್ರೇಸ್ಲೆಟ್ಟು ತೆಗೆದು ಸ್ಟ್ರಾಪು ಹಾಕಬೇಕೆಂದು ಸವಿಸ್ತಾರವಾಗಿ ಪಾಠ ಮಾಡಿದೆ. ಅಂಗಡಿಯ ಮುದುಕ ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ, "ತೋಲಾದ್ರೆ ಬೆಲ್ಟು, ಸ್ಟೀಲಾದ್ರೆ ಚೈನು. ಅವ್ವಳವುದಾನ್ ಸಾರ್" ಎಂದು, ಅಷ್ಟೇ ಎಂಬುದನ್ನು ತಮಿಳಿನಲ್ಲಿ ಹೇಳಿ ಮುಗಿಸಿದ. ತೊಗಲಿಗಾದರೆ ಸಾಲಾಗಿ ತೂತುಗಳಿರುತ್ತವೆ, ಕೈ ಇನ್ನೂ ಸಣ್ಣಗಾದರೂ ಬಿಗಿದುಕೊಳ್ಳಬಹುದು ಎಂಬುದು ನನ್ನ ಯೋಚನೆ. ಬುದ್ಧಿಗೇಡಿ, ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಅಕ್ಕ ದುರುಗುಟ್ಟಿ ನೋಡಿದಳು. "ಇನ್ನೂ ಸಣ್ಗಾಗಾಕೆ ನಾನೇನು ಸಾಯಾಕೆ ಕುಂತಿವ್ನಾ? ತೊಗ್ಲು ಆಲಲ್ಲಿ ನೆಂದು ನಾತ ಒಡೀತದೆ. ಚೈನೇ ಇರ್ಲಿ, ಕೊಂಡಿ ತೆಗಿಯಪ್ಪ."

ಮುದುಕ ಮೂರು ಕೊಂಡಿ ಕಳಚಿ, ಎಲ್ಲರದ್ದನ್ನೂ ಹಾಕುವ ಡಬ್ಬಿಗೆ ಹಾಕಹೊರಟ. ಅಕ್ಕ ಕೈ ಅಡ್ಡ ತಂದು, ಮೂರನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಎಲ್ಲಾನೂ ವಾಪಸ್ ಆಕುಸ್ತೀನಿ, ನೋಡ್ತಿರು."

ಅಂದಿನಿಂದ ಶುರುವಾಯಿತು ಅವಳ ಹಠ. ಬಾಯಿಗೆ ರುಚಿಸದಿದ್ದರೂ ಎರಡು ಹೊತ್ತು ಮುದ್ದೆ ನುಂಗಿದಳು. ಬೆರಳು ನಡುಗಿದರೆ ನಿಲ್ಲಿಸಿ, ಹಸುವಿನ ಬೆನ್ನು ಸವರಿ, ಮತ್ತೆ ಕರೆದಳು. ನಾಲ್ಕು ತಿಂಗಳಲ್ಲಿ ತಾನೊಬ್ಬಳೇ ಬಸ್ಸು ಹತ್ತಿ ಹೋಗಿ ಎರಡು ಕೊಂಡಿ ಸೇರಿಸಿಕೊಂಡು ಬಂದಳು.

ಹೋದ ವಾರ ಫೋನು ಮಾಡಿದಳು. "ಮೂರ್ನೇದೂ ಒಳಕ್ಕೋಯ್ತು ಕಣ್ಲಾ. ಅಸು ಮಾರೋ ಮಾತಾಡ್ತಿದ್ಯಲ್ಲ..."

ತಪ್ಪಾಯಿತಕ್ಕ ಎನ್ನುವಷ್ಟರಲ್ಲಿ ಅವಳೇ ಮುಂದುವರಿಸಿದಳು: "ಯಾರಾನ ಮಾರೋರಿದ್ರೆ ನೋಡ್ಲಾ. ಇನ್ನೊಂದು ಕಟ್ಟಾನ."

ಈ ಭಾನುವಾರ ಹಸು ನೋಡಲು ಹೊರಟಿದ್ದೇವೆ. ಆರಿಸುವವಳು ಅವಳು, ಹಗ್ಗ ಹಿಡಿದುಕೊಂಡು ಹಿಂದೆ ಬರುವವನು ನಾನು.