ಮಗುಚಿ ಕೂರಿಸಿದ ಹೌಸಿಂಗು

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಯಾರಾದರೂ ತಪ್ಪು ಉತ್ತರ ಹೇಳಿದರೆ ಮೈಯೆಲ್ಲ ಉರಿಯುತ್ತದೆ. ತಪ್ಪು ನನ್ನದೇ ಆಗಿದ್ದರೆ ಆ ಉರಿ ಎಲ್ಲಿ ಹೋಗುತ್ತದೆಯೋ ಗೊತ್ತಿಲ್ಲ. ಇದು ನನಗೆ ತಿಳಿದದ್ದು ನಿವೃತ್ತಿಯ ಮರುವರ್ಷ, ಜಮಖಂಡಿಯ ಒಂದು ಗ್ಯಾರೇಜಿನ ಮುಂದೆ.

ನಮ್ಮ ತಂದೆ ಬನಹಟ್ಟಿಯಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದರು. ಗಂಟು ಹೇರಿಕೊಂಡು ಊರೂರು ತಿರುಗಿದ್ದ ಅವರ ಅಂಬಾಸಡರ್ ಕಾರು ನನ್ನ ಪಾಲಿಗೆ ಬಂದಿತ್ತು. ಅದರ ಪೆಟ್ರೋಲ್ ಎಂಜಿನ್ನಿಗೆ ವಯಸ್ಸಾಗಿ, ನಾಲ್ಕು ಮಂದಿ ಕೂತರೆ ಸಣ್ಣ ಏರಿಗೂ ಏದುಸಿರು ಬಿಡುತ್ತಿತ್ತು. ಮಾರಿಬಿಡಿ ಎಂದರು ಮನೆಯವರು. ನನಗೆ ಮನಸ್ಸಾಗಲಿಲ್ಲ. ಗಟ್ಟಿ ಡೀಸೆಲ್ ಎಂಜಿನ್ ಕೂರಿಸಿದರಾಯಿತೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿಗೆ ಒಯ್ದೆ.

ಅವನಿಗೆ ಆಗಲೇ ನಲವತ್ತು ದಾಟಿತ್ತು. ಒಂಬತ್ತನೇ ಇಯತ್ತೆಯಲ್ಲಿ ನನ್ನ ವಿಷಯದಲ್ಲೇ ನಪಾಸಾಗಿ ಸಾಲೆ ಬಿಟ್ಟವನು. ಅದನ್ನು ಅವನ ಗಿರಾಕಿಗಳ ಎದುರು ಆಡಿ ತೋರಿಸುವ ಚಟ ನನಗಿತ್ತು. ಅವನು ನಕ್ಕುಬಿಡುತ್ತಿದ್ದ. ಸುತ್ತಲಿನ ಹಳ್ಳಿಗಳ ಜೀಪು, ಕಾರುಗಳೆಲ್ಲ ಅವನಲ್ಲಿಗೇ ಬರುತ್ತಿದ್ದವು. ಕೈಕೆಳಗೆ ಇಬ್ಬರು ಕೆಲಸಗಾರರಿದ್ದರು.

ಎಂಜಿನ್ ಒಂದನ್ನೇ ಬದಲಿಸಿದರೆ ಸಾಲದು, ಅದರ ಜೋರಿಗೆ ಹಿಂದಿನ ಹಳೆಯ ಆಕ್ಸಲ್ ಮುರಿಯುತ್ತದೆ ಎಂದು ಅವನೇ ಹೇಳಿದ. ಹಿಂದಿನ ಎರಡು ಗಾಲಿಗಳ ನಡುವೆ ಇರುವ ಕಬ್ಬಿಣದ ಕೊಳವೆ, ಅದರೊಳಗಿನ ಆಕ್ಸಲ್, ಹಲ್ಲಿನ ಚಕ್ರಗಳು ಎಲ್ಲ ಸೇರಿ ಅವರ ಮಾತಿನಲ್ಲಿ ಹೌಸಿಂಗ್. ಮುಧೋಳದ ಗುಜರಿ ಅಂಗಡಿಯಿಂದ ಜೀಪಿನದೊಂದು ಹೌಸಿಂಗ್ ತಂದ. ಅದರಲ್ಲಿ ಚಕ್ರಗಳಿರುವ ಗುಂಡನೆಯ ಹೊಟ್ಟೆ ನಟ್ಟನಡುವೆ ಇರದೆ ಬಲಕ್ಕೆ ಸರಿದಿತ್ತು. ಎಂಜಿನ್ನೋ, ಸ್ಟೀರಿಂಗಿಗೆ ಜಾಗ ಬಿಟ್ಟು ತುಸು ಎಡಕ್ಕೆ ಕೂತಿತ್ತು. ಹೀಗಾಗಿ ಎರಡನ್ನೂ ಜೋಡಿಸುವ ಉದ್ದನೆಯ ರಾಡು ಸೊಟ್ಟಗೆ ಬರುತ್ತಿತ್ತು. ಅಷ್ಟು ಸೊಟ್ಟ ನಡೆಯುತ್ತದೆ, ಜಾಯಿಂಟು ತಡೆದುಕೊಳ್ಳುತ್ತದೆ ಎಂದ.

ನನಗೆ ಸೊಟ್ಟ ಎಂಬುದೇ ಸೇರದು. ಗ್ಯಾರೇಜಿನಲ್ಲಿ ಆಗ ನಾವಿಬ್ಬರೇ ಇದ್ದೆವು. ಚಾಕ್ ತೆಗೆದುಕೊಂಡು ನೆಲದ ಮೇಲೆ ಚಿತ್ರ ಬರೆದು ತೋರಿಸಿದೆ. ಹೌಸಿಂಗನ್ನು ಮೇಲಿನದು ಕೆಳಗೆ ಬರುವಂತೆ ಮಗುಚಿ ಕೂರಿಸಿದರೆ ಹೊಟ್ಟೆ ತಾನಾಗಿ ಎಡಕ್ಕೆ ಬರುತ್ತದೆ, ರಾಡು ನೆಟ್ಟಗಾಗುತ್ತದೆ. ಅವನು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಚಿತ್ರ ನೋಡಿದ.

"ಸರ, ಹಂಗ ಮಗುಚಿದ್ರ ಗಾಲಿ ಉಲ್ಟಾ ತಿರಗತಾವೇನೋ ಅನಸ್ತೈತ್ರಿ."

"ಒಂಬತ್ತನೇತ್ಯಾಗ ತಲಿಗಿ ಹೋಗದ್ದು ಈಗ ಹೋತೇನಲೇ? ನಾ ಹೇಳಿದಂಗ ಮಾಡ," ಎಂದೆ.

ಅವನು ಆತ್ರಿ ಎಂದು ಎದ್ದ. ಎರಡು ದಿನ ಕೂತು, ಸ್ಪ್ರಿಂಗಿನ ಪಟ್ಟಿಗಳನ್ನು ಮತ್ತೆ ವೆಲ್ಡ್ ಮಾಡಿ, ನಾನು ಹೇಳಿದಂತೆಯೇ ಕೂರಿಸಿದ.

ಸೋಮವಾರ ಬೆಳಿಗ್ಗೆ ಪೂಜೆ ಇಟ್ಟುಕೊಂಡೆ. ಗಾಡಿಯನ್ನು ಜಾಕ್ ಮೇಲೆ ಎತ್ತಿ ಗಾಲಿ ತಿರುಗಿಸಿ ನೋಡೋಣ ಎಂದು ಅವನು ಎರಡು ಸಲ ಕೇಳಿದ. ಮುಹೂರ್ತ ಮೀರುತ್ತದೆಂದು ಗದರಿದೆ. ಅಷ್ಟರಲ್ಲಿ ಹಿಪ್ಪರಗಿ ಕಡೆಯ ಗೌಡರೊಬ್ಬರು ಬಂದು, ನನ್ನ ಕಾರಿನ ಹಿಂದೆಯೇ ತಮ್ಮ ಹಳೆಯ ಜೀಪು ನಿಲ್ಲಿಸಿದರು. ಅದಕ್ಕೂ ಇಂಥದೇ ಕೆಲಸ ಆಗಬೇಕಿತ್ತು. ಅವರ ಮನೆತನದ ಉಳಿದ ಗಾಡಿಗಳೂ ಇದರ ಹಿಂದೆ ಬರುವುದಿತ್ತು.

ಮುಂದಿನ ಗಾಲಿಗಳಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ನಾನೇ ಹೋಗಿ ಸ್ಟೀರಿಂಗ್ ಹಿಡಿದೆ. ಎಂಜಿನ್ ಸದ್ದು ಕೇಳಿ ಎದೆ ಉಬ್ಬಿತು. ಮೊದಲ ಗೇರು ಹಾಕಿ ಕ್ಲಚ್ ಬಿಟ್ಟೆ. ಕಾರು ಹಿಂದಕ್ಕೆ ನುಗ್ಗಿತು. ಬ್ರೇಕ್ ಒತ್ತಬೇಕೆಂದು ಹೊಳೆಯುವಷ್ಟರಲ್ಲಿ ಗೌಡರ ಜೀಪಿನ ಮೂತಿಗೆ ಬಡಿದಿತ್ತು.

ರಸ್ತೆಯ ಜನ ಸೇರಿದರು. ಇದಕ್ಕ ಹಿಂದ ಹೋಗಾಕ ನಾಕ ಗೇರು, ಮುಂದ ಹೋಗಾಕ ಒಂದ ಎಂದು ಯಾರೋ ಅಂದದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾರು ಅಲುಗಿದ ಕ್ಷಣವೇ ನನಗೆ ಎಲ್ಲ ತಿಳಿದುಹೋಗಿತ್ತು. ಮಗುಚಿದಾಗ ಹೊಟ್ಟೆಯ ಜೊತೆಗೆ ದೊಡ್ಡ ಹಲ್ಲಿನ ಚಕ್ರವೂ ಆ ಕಡೆಯಿಂದ ಈ ಕಡೆಗೆ ಬಂದು, ಗಾಲಿಗಳು ಉಲ್ಟಾ ತಿರುಗುವಂತಾಗಿತ್ತು. ನಾನು ಬರೆದ ಚಿತ್ರದಲ್ಲೇ ಅದು ಕಾಣುವಂತಿತ್ತು. ನಪಾಸಾದವನು ಕಂಡಿದ್ದ, ನಾನು ಕಂಡಿರಲಿಲ್ಲ.

ಗೌಡರು ಕೆಂಡವಾಗಿ, ಯಾರು ಮಾಡಿದ್ದು ಇದನ್ನು ಎಂದರು. ನಾನು ಇಳಿದು ಬಾಯಿ ತೆರೆಯುವ ಮೊದಲೇ ಅವನು ಮುಂದೆ ಬಂದ.

"ನಂದ ತಪ್ಪಾತ್ರಿ ಗೌಡ್ರ. ಸರ ಬರೋಬ್ಬರಿ ಹೇಳಿದ್ರು. ನಾನ ಉಲ್ಟಾ ಕುಂದ್ರಿಸೇನಿ."

ಕಲಿಸಿದವರ ಮರ್ಯಾದೆ ನಾಲ್ಕು ಜನರ ಮುಂದೆ ಹೋಗಬಾರದು, ಅವನಿಗೆ ಅಷ್ಟೇ. ಎಲ್ಲರೂ ನನ್ನ ಮುಖ ನೋಡಿದರು. ಒಂದು ಮಾತು ಆಡಬೇಕಿತ್ತು. ಆಡಿದೆ ಕೂಡ: "ನೋಡಿ ಮಾಡಬೇಕಪಾ," ಎಂದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಗೌಡರು ಜೀಪು ತಿರುಗಿಸಿಕೊಂಡು ಹೋದರು. ಅವನಿಗೆ ಉಲ್ಟಾ ಮಿಸ್ತ್ರಿ ಎಂಬ ಹೆಸರು ಬಿತ್ತು. ನಪಾಸಾದ ಕಥೆಯನ್ನು ಊರಿಗೆಲ್ಲ ನಾನೇ ಹೇಳಿದ್ದೆನಲ್ಲ, ನಂಬಲು ಜನಕ್ಕೆ ಕಷ್ಟವಾಗಲಿಲ್ಲ. ಅವನು ನನ್ನ ಹೌಸಿಂಗ್ ಬಿಚ್ಚಿ, ತಾನು ಮೊದಲು ಹೇಳಿದ ಹಾಗೆ ಸೀದಾ ಕೂರಿಸಿಕೊಟ್ಟ. ಕಾರು ಈಗ ಐದು ಮಂದಿ ಹೊತ್ತು ಯಾವ ಏರಿಗೂ ಹೆದರದೆ ಓಡುತ್ತಿತ್ತು. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಮೆಚ್ಚಿ, ಎಲ್ಲಿ ಮಾಡಿಸಿದಿರಿ ಎಂದು ಕೇಳಿದರೆ ನಾನು ಮಾತು ತೇಲಿಸುತ್ತಿದ್ದೆ. ಅವನ ಗ್ಯಾರೇಜಿನ ರಸ್ತೆ ಬಿಟ್ಟು ಸುತ್ತು ಹಾಕಿ ಓಡಾಡುವುದು ರೂಢಿಯಾಯಿತು.

ಒಂದು ವರ್ಷ ಹೀಗೇ ಕಳೆಯಿತು. ಅವನಲ್ಲಿಗೆ ಜೀಪು, ಕಾರು ಬರುವುದು ನಿಂತಿತ್ತು. ಕೆಲಸಗಾರರು ಬಿಟ್ಟುಹೋಗಿದ್ದರು. ಗ್ಯಾರೇಜ್ ಮುಚ್ಚಿ ಬೀಳಗಿಯಲ್ಲಿ ಬೇರೆಯವರ ಕೈಕೆಳಗೆ ದುಡಿಯಲು ಹೋಗುತ್ತಾನಂತೆ ಎಂದು ತಿಳಿಯಿತು. ಮರುದಿನವೇ ಹಿಪ್ಪರಗಿ ಕಡೆಗೆ ಹೋಗಿ, ಗೌಡರನ್ನು ಕಾಡಿ ಬೇಡಿ ಕಾರಿನಲ್ಲಿ ಕೂರಿಸಿಕೊಂಡು ಗ್ಯಾರೇಜಿಗೆ ಬಂದೆ. ಅವನು ಒಂದು ಮೋಟರ್ ಸೈಕಲ್ಲಿನ ಚೈನು ತೊಳೆಯುತ್ತಿದ್ದ. ನಾನು ನಿಂತಲ್ಲೇ ಹೇಳಿದೆ. ಮಗುಚಲು ಹೇಳಿದವನು ನಾನು, ಇವನು ಬೇಡವೆಂದಿದ್ದ, ನಾನು ಬೈದು ಬಾಯಿ ಮುಚ್ಚಿಸಿದೆ, ಆಮೇಲೆ ಹೇಡಿಯ ಹಾಗೆ ನಿಂತೆ ಎಂದೆ. ಒಂದನ್ನೂ ಬಿಡಲಿಲ್ಲ.

ಗೌಡರು ನನ್ನ ಎರಡೂ ಕೈ ಹಿಡಿದುಕೊಂಡರು. "ಮಾಸ್ತರ್ರ, ಶಿಷ್ಯಾನ ಉಳಸಾಕ ತಪ್ಪ ತಮ್ಮ ಮ್ಯಾಲ ಹಾಕ್ಕೊಂಡ್ರಿ. ಇಂಥಾ ಮಂದಿ ಈಗ ಎಲ್ಲಿ ಅದಾರ್ರಿ," ಎಂದರು. ಖರೆ ಹೇಳುತ್ತಿದ್ದೇನೆ ಎಂದು ಆಣೆ ಮಾಡಿದೆ. ಅದಕ್ಕೆ ಅವರ ಕಣ್ಣಲ್ಲಿ ನೀರೇ ಬಂತು. ಆದರೂ ಜೀಪು ಇಲ್ಲಿಗೆ ಕಳಿಸುತ್ತೇನೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಫೋನ್ ಬಂತೆಂದು ಹೊರಗೆ ಹೋದರು.

ನೀನಾದರೂ ಗೌಡರಿಗೆ ಖರೆ ಹೇಳೋ ಎಂದು ಅವನ ಕಡೆ ತಿರುಗಿದೆ. ಅವನು ಚೈನು ಕೆಳಗಿಟ್ಟು ನನ್ನನ್ನು ನೇರವಾಗಿ ನೋಡಿದ.

"ಬಿಡ್ರಿ ಸರ. ಇನ್ನ ಏಸ ಸಲ ಹೇಳಿದ್ರೂ ಅದು ನಿಮ್ಮ ದೊಡ್ಡತನಾನ ಆಗತೈತಿ. ಅವತ್ತ ಒಂದ ಮಾತ ಅಂದಿದ್ರ ನನ್ನ ಗ್ಯಾರೇಜ್ ಉಳಿತಿತ್ರಿ."

ಅವನು ನನಗೆ ಎದುರಾಡಿದ್ದು ಅದೊಂದೇ ಸಲ. ಹೊರಗೆ ಗೌಡರು ಫೋನಿನಲ್ಲಿ ಯಾರಿಗೋ ನನ್ನ ದೊಡ್ಡ ಗುಣ ಹೇಳುತ್ತಿದ್ದರು.