ಶವಾಗಾರದ ಹಿತ್ತಲಲ್ಲಿ ಮಾಗಿಯ ಹೂವು

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಮುಂಬಾಗಿಲಲ್ಲಿ ದೀಪಗಳು ಜಗಮಗಿಸುತ್ತಿವೆ. ಹಿಂಬದಿಯ ಅಂಗಳಕ್ಕೆ ಮಾತ್ರ ಒಂದೇ ಒಂದು ಬಲ್ಬು. ಅದರ ಕೆಳಗೆ ಕಿವಿಗೆ ಉಣ್ಣೆಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬರು ಕಸ ಗುಡಿಸುತ್ತಿದ್ದಾರೆ. ಗೋಡೆಯ ಪಕ್ಕದ ಬೆಂಚಿನಲ್ಲಿ ನಡುವಯಸ್ಸಿನ ಅಣ್ಣತಮ್ಮಂದಿರಿಬ್ಬರು ಕೂತಿದ್ದಾರೆ. ಎದುರಿಗಿರುವುದು ಶವಾಗಾರದ ಬಾಗಿಲು. ಒಳಗೆ ಅವರ ತಾಯಿ ಇದ್ದಾರೆ. ಕಾಗದಪತ್ರ ಮುಗಿಯುವ ತನಕ ಇಬ್ಬರಿಗೂ ಕಾಯುವುದೊಂದೇ ಕೆಲಸ. ಪೊರಕೆ ಹತ್ತಿರ ಬಂದಾಗ ಇಬ್ಬರಲ್ಲಿ ಕಿರಿಯವರು ತಲೆಯೆತ್ತಿ, "ಏನಮ್ಮಾ ಇದು ಘಮ ಅಂತ ಬರ್ತಿರೋದು?" ಎಂದು ಕೇಳುತ್ತಾರೆ. ಆಕೆ ಪೊರಕೆಯ ಹಿಡಿಯಿಂದಲೇ ಮೂಲೆ ತೋರಿಸುತ್ತಾರೆ.

ಮೂಲೆಯಲ್ಲಿ ಸೊಂಟದೆತ್ತರದ ಒಂದು ಪೊದೆ. ವರ್ಷವಿಡೀ ಉದುರದ ದಪ್ಪ ಹಸಿರೆಲೆ, ಕೊಂಬೆಯ ತುದಿಯಲ್ಲಿ ಹೊರಗೆ ನಸುಗೆಂಪು, ಒಳಗೆ ಬಿಳಿಯಾದ ಪುಟ್ಟ ಹೂಗೊಂಚಲು. ಮಿಕ್ಕ ಗಿಡಗಳೆಲ್ಲ ಚಳಿಗೆ ಮುದುಡಿ ಕೂತಾಗ ಇದು ಅರಳುತ್ತದೆ. ಬಲ್ಲವರು ಡ್ಯಾಫ್ನಿ ಅನ್ನುತ್ತಾರೆ, ಆಕೆ 'ಚಳಿಹೂವು' ಅನ್ನುತ್ತಾರೆ. ಆಕೆಯನ್ನು ಎಲ್ಲರೂ ಕರೆಯುವುದು 'ಹಿತ್ತಲಕ್ಕ' ಎಂದು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಆಸ್ಪತ್ರೆಯವರು ಚಾಚೂ ತಪ್ಪದೆ ಪಾಲಿಸಿದ್ದಾರೆ: ಗಿಡವನ್ನೂ ಯಾರೂ ಕೇಳಿಲ್ಲ, ಹಿತ್ತಲಕ್ಕನನ್ನೂ ಕೇಳಿಲ್ಲ.

ಆಕೆಗೆ ಸಂಬಳ ಕೊಡುವುದು ಗುಡಿಸಿ ಒರೆಸುವುದಕ್ಕೆ. ಗಿಡ ಅವರ ಸ್ವಂತ ಉಸಾಬರಿ. ಡಾಕ್ಟರೊಬ್ಬರ ಕೋಣೆಯ ಕಿಟಕಿಯಲ್ಲಿ ಬಿಸಿಲಿಗೆ ಸುಟ್ಟು, ಕೊನೆಗೆ ಕಸದ ಗಾಡಿಗೆ ಬಿದ್ದ ಕುಂಡ ಅದು. ಪತ್ರಿಕೆಗೆ ಬರೆಯಲು ಬಂದ ನನಗೆ ಅವರೇ ಹೇಳುತ್ತಾರೆ: "ಎಸೆಯೋಕೆ ಮನಸ್ಸು ಬರಲಿಲ್ಲ. ಬಿಸಿಲೇ ಬೀಳದ ಜಾಗ ಇತ್ತು, ನೆಟ್ಟೆ. ಅದಕ್ಕೆ ಬೇಕಾಗಿದ್ದೂ ಅದೇ ಅಂತ ನನಗೇನು ಗೊತ್ತು? ಕುರುಡು ಅದೃಷ್ಟ." ಮೂರು ಕಡೆ ಎತ್ತರದ ಗೋಡೆಗಳಿರುವ ಆ ಅಂಗಳದಲ್ಲಿ ಪಾಚಿ ಬಿಟ್ಟರೆ ಬೇರೇನೂ ಬದುಕಿರಲಿಲ್ಲ. ಈ ಪೊದೆ ಬೇರೂರಿತು.

ಇದಕ್ಕೊಂದು ಜೋಡಿಯೂ ಇತ್ತಂತೆ. ಅದು ಸತ್ತದ್ದು ಹೀಗೆ. ಇಲ್ಲಿ ಕಾಯುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ನೀರಿನ ಬಾಟಲಿ ಇರುತ್ತದೆ. ರೋಗಿಗೆಂದು ತಂದದ್ದು, ಇನ್ನು ಯಾರಿಗೂ ಬೇಡದ್ದು. ಕುಡಿಯಲು ಮನಸ್ಸಿಲ್ಲ, ಚೆಲ್ಲಲೂ ಮನಸ್ಸಿಲ್ಲ. ಹೊರಡುವಾಗ ಗಿಡದ ಬುಡಕ್ಕೆ ಸುರಿದು ಹೋಗುತ್ತಾರೆ. ಬೆಂಚಿಗೆ ಹತ್ತಿರವಿದ್ದ ಗಿಡಕ್ಕೆ ದಿನವಿಡೀ ಹೀಗೆ ನೀರು ಬಿದ್ದು ಬೇರು ಕೊಳೆಯಿತು. "ಬೈಯೋದಾದ್ರೂ ಯಾರನ್ನ? ಅವರು ಒಳ್ಳೇದಕ್ಕೇ ಹಾಕಿದ್ದು" ಎನ್ನುತ್ತಾರೆ ಹಿತ್ತಲಕ್ಕ. ಆಮೇಲೆ ಅವರು ಬೆಂಚಿನ ಪಕ್ಕ ಒಂದು ಬಕೆಟ್ ಇಟ್ಟರು. ಈಗ ನೀರೆಲ್ಲ ಅದಕ್ಕೆ ಬೀಳುತ್ತದೆ, ಅಂಗಳ ತೊಳೆಯಲು ಆಗುತ್ತದೆ.

ಉಳಿದ ಗಿಡಕ್ಕೂ ಈಗ ಕೇಡುಗಾಲ. ಶವಾಗಾರದಲ್ಲಿ ಜಾಗ ಸಾಲುತ್ತಿಲ್ಲ, ಕಟ್ಟಡವನ್ನು ಹಿತ್ತಲಿನವರೆಗೂ ವಿಸ್ತರಿಸುತ್ತಾರೆ. ಚಳಿ ಮುಗಿಯುತ್ತಿದ್ದಂತೆ ಅಗೆತ ಶುರು. ಬೇರೆ ಕಡೆ ಕಿತ್ತು ನೆಡೋಣವೆಂದರೆ ಈ ಜಾತಿ ಬೇರು ಮುಟ್ಟಿದರೆ ಮುನಿಯುತ್ತದೆ. ಇಷ್ಟು ವಯಸ್ಸಾದ ಗಿಡ ಬದುಕುವುದಿಲ್ಲ. ಸುದ್ದಿ ಕೇಳಿದ ದಿನ ಹಿತ್ತಲಕ್ಕ ಮೇಲ್ವಿಚಾರಕರ ಬಳಿ ಹೋಗಿದ್ದರು. ಅವರು ಒಳ್ಳೆಯವರೇ, ನಕ್ಷೆ ಬಿಡಿಸಿ ತೋರಿಸಿದರು. ಗಿಡವಿರುವ ಕಡೆಗೇ ಗೋಡೆ ಬರುತ್ತದೆ. "ಸುಮ್ಮನೆ ವಾಪಸ್ ಬಂದೆ. ಸತ್ತೋರಿಗೂ ಜಾಗ ಬೇಕಲ್ವಾ? ನಾನು ಜಗಳ ಆಡಿ ಏನು ಮಾಡಲಿ?"

ಒಂದು ಪೊದೆಗಾಗಿ ಇಷ್ಟೇಕೆ ಒದ್ದಾಟ ಎಂದು ಕೇಳುತ್ತೇನೆ. ಅವರು ಪೊರಕೆಯನ್ನು ಗೋಡೆಗೆ ಒರಗಿಸಿ ಬೆಂಚಿನ ತುದಿಯಲ್ಲಿ ಕೂರುತ್ತಾರೆ.

"ನಾನೂ ಇಲ್ಲಿ ಕಾದಿದ್ದೀನಿ. ಕೆಲಸಕ್ಕೆ ಸೇರೋ ಮುಂಚೆ. ಮಗಳಿಗೆ ಜ್ವರ ಬಂದು ತಲೆಗೇರಿತ್ತು. ಆಗ ಇಲ್ಲಿ ಗಿಡ ಇರಲಿಲ್ಲ, ಬೆಂಚೂ ಇರಲಿಲ್ಲ. ಬರೀ ಫಿನಾಯಿಲ್ ನಾತ. ಇವತ್ತಿಗೂ ಅವಳ ಮುಖ ನೆನಪು ಮಾಡ್ಕೊಂಡ್ರೆ ಮೊದಲು ಆ ನಾತ ಬರುತ್ತೆ, ಆಮೇಲೆ ಅವಳು ಬರ್ತಾಳೆ. ನೋಡಿ, ಅದೇ ಫಿನಾಯಿಲ್ ಹಾಕಿ ಒರೆಸೋದೇ ನನ್ನ ಕೆಲಸ ಆಯ್ತು."

ಅವರು ಮಾತು ಮುಂದುವರಿಸುತ್ತಾರೆ. "ಹೋದ ಚಳಿಗಾಲದಲ್ಲಿ ಒಬ್ಬರು ಬಂದ್ರು. ಅದರ ಹಿಂದಿನ ವರ್ಷ ಅವರ ಯಜಮಾನರನ್ನ ಇಲ್ಲಿಂದ ಕರ್ಕೊಂಡು ಹೋಗಿದ್ರಂತೆ. ಸುಮ್ಮನೆ ಬೆಂಚಿನ ಮೇಲೆ ಒಂದು ಗಳಿಗೆ ಕೂತಿದ್ದು, ಒಂದು ಹೂವು ಕೇಳಿ ಇಸ್ಕೊಂಡು ಹೋದ್ರು. ನಂಗೆ ಅಷ್ಟು ಸಾಕಾಯ್ತು."

ಬೇಸಿಗೆಯಲ್ಲೇ ಅವರು ಗಿಡದಿಂದ ಕಡ್ಡಿಗಳನ್ನು ಕತ್ತರಿಸಿ, ಬೆಂಚಿನಡಿ ಸಿಕ್ಕ ಖಾಲಿ ಬಾಟಲಿಗಳ ಕುತ್ತಿಗೆ ಕೊಯ್ದು, ಮರಳುಮಣ್ಣು ತುಂಬಿ ಊರಿದ್ದಾರೆ. ಬಹುಪಾಲು ಕಪ್ಪಾಗಿ ಹೋದವು. ನಾಲ್ಕು ಚಿಗುರಿವೆ. ಮನೆಗೆ ಒಯ್ಯಬಹುದಲ್ಲ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ.

"ಮನೇಲಿ ಯಾರು ಕಾಯ್ತಾ ಕೂತಿದ್ದಾರೆ? ನೀವು ಪೇಪರ್‌ನಲ್ಲಿ ಬರೆಯೋರು, ಒಂದು ಮಾತು ಹಾಕಿ. ಬಿಸಿಲು ಬೀಳದ ಇಂಥ ಹಿಂಬಾಗಿಲು ಬೇರೆ ಆಸ್ಪತ್ರೇಲೂ ಇರುತ್ತಲ್ಲ, ಬೇಕು ಅಂದ್ರೆ ನಾನೇ ತಂದು ನೆಟ್ಟು ಹೋಗ್ತೀನಿ. ಹೂವು ಬಿಡೋಕೆ ಎರಡು ಮೂರು ವರ್ಷ ಹಿಡಿಯುತ್ತೆ. ಅದೇನು ತೊಂದರೆ ಇಲ್ಲ. ಅಲ್ಲಿಗೆ ಬರೋರು ಬರ್ತಾನೇ ಇರ್ತಾರೆ."